ಬೋಟಿನ ಮೇಲೆ ಕೈಯಲ್ಲಿ ಹೆಸರು ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಏಣಿ ಇಟ್ಟು ಬ್ರಷ್ ಕೈಗೆ ತೆಗೆದುಕೊಂಡರೆ ಸಾಕು, ಕೆಳಗೆ ನಾಲ್ಕು ಜನ ಬಂದು ನಿಲ್ಲುತ್ತಾರೆ. ಒಬ್ಬರಿಗೆ ಬಣ್ಣದ ಸಂಶಯ, ಇನ್ನೊಬ್ಬರಿಗೆ ರೇಟಿನ ಸಂಶಯ, ಮತ್ತೊಬ್ಬರಿಗೆ ತಾವೇ ಬರೆಯುವ ಆಸೆ. ಮಲ್ಪೆ, ಗಂಗೊಳ್ಳಿ, ಮಂಗಳೂರು ಕಡೆ ಹೀಗೆ ನಿಂತು ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಬರೆದು ಕಳಿಸಿದ್ದು ಎಲ್ಲ ಸೇರಿಸಿ ಉತ್ತರ ಬರೆದಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆಬಿಸಿಯದ್ದು ಕೊನೆಗೆ.

## ಬರೆಸುವ ಮೊದಲು

ಸ್ಟಿಕ್ಕರ್ ಅಂಟಿಸಿದ್ರೆ ಅರ್ಧ ಗಂಟೆ ಕೆಲಸ. ಕೈಯಲ್ಲಿ ಯಾಕೆ ಬರೆಸ್ಬೇಕು ಮಾರಾಯ್ರೆ?

ಕ್ಯಾಬಿನ್ನಿನ ಗಾಜಿಗೋ ನುಣುಪಾದ ಫೈಬರ್ ಗೋಡೆಗೋ ಆದರೆ ಸ್ಟಿಕ್ಕರೇ ಸಾಕು. ನಾನೇ ಹಾಗೆ ಹೇಳಿ ಕಳಿಸಿದ್ದುಂಟು. ಬೋಟಿನ ಮೈಗೆ ಮಾತ್ರ ಬೇಡ. ದಕ್ಕೆಯಲ್ಲಿ ಬೋಟುಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟುತ್ತಾರೆ. ಪಕ್ಕದ ಬೋಟಿನ ಟೈರು ಉಜ್ಜುತ್ತದೆ, ಹಗ್ಗ ಉಜ್ಜುತ್ತದೆ, ಮೀನಿನ ಬುಟ್ಟಿ ತಾಗುತ್ತದೆ. ಸ್ಟಿಕ್ಕರಿನ ಒಂದು ಮೂಲೆ ಎದ್ದರೆ ಮುಗಿಯಿತು, ಉಪ್ಪುನೀರು ಒಳಗೆ ಹೋಗಿ ಇಡೀ ಅಕ್ಷರ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿಯುತ್ತದೆ. ಮರದ ಬೋಟಾದರೆ ಹಲಗೆಗಳ ಸಂದಿನ ಮೇಲೆ ಸ್ಟಿಕ್ಕರಿಗೆ ಅಂಟಿಕೊಳ್ಳಲು ಏನೂ ಇರುವುದಿಲ್ಲ, ಅಲ್ಲಿಂದಲೇ ಹರಿಯುತ್ತದೆ.

ಪೇಂಟು ತರಚಿದರೆ ತರಚಿದಷ್ಟೇ ಹೋಗುತ್ತದೆ. ಒಂದು ಸಣ್ಣ ಡಬ್ಬಿ ಬಣ್ಣ ಬೋಟಿನಲ್ಲಿದ್ದರೆ ಬೋಟಿನಲ್ಲಿ ದುಡಿಯುವ ಕಲಾಸಿಗಳೇ ಮುಟ್ಟಿಸಿ ಸರಿ ಮಾಡಿಕೊಳ್ಳುತ್ತಾರೆ.

ಹಳೆ ಶೈಲಿ ಅಕ್ಷರ ಅಂತೀರಲ್ಲ, ಹಳೆ ಶೈಲಿ ಅಂದ್ರೆ ಯಾವ್ದು?

ನಮ್ಮ ಕರಾವಳಿಯಲ್ಲಿ ಬೋಟಿಗೆಂದೇ ಬೇರೆ ಅಕ್ಷರ ಹುಟ್ಟಿಲ್ಲ. ಅಂಗಡಿ ಬೋರ್ಡು ಬರೆದವರೇ ಯಕ್ಷಗಾನ ಮೇಳದ ಬ್ಯಾನರ್ ಬರೆದರು, ಲಾರಿಯ ಹಣೆಪಟ್ಟಿ ಬರೆದರು, ಮಳೆಗಾಲ ಬಂದಾಗ ಬೋಟಿಗೂ ಬರೆದರು. ಹಾಗಾಗಿ ಬೋಟಿನ ಮೇಲೆ ಇದೆಲ್ಲದರ ಛಾಯೆ ಕಾಣುತ್ತದೆ: ದಪ್ಪ ಹೊಟ್ಟೆಯ ದುಂಡಕ್ಷರ, ಸ್ವಲ್ಪ ಚಿಮ್ಮಿದ ತಲೆಕಟ್ಟು, ಉದ್ದ ಎಳೆದ ದೀರ್ಘ, ಒಂದು ಬದಿಗೆ ನೆರಳು.

ಕೈಬರಹವನ್ನೇ ಊರಿಗೆ ತೋರಿಸುವುದು ಈ ಕಡೆ ಹೊಸತೇನಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ ಬಂದದ್ದು ಕಲ್ಲಚ್ಚಿನಲ್ಲಿ. ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದದ್ದನ್ನೇ ಕಲ್ಲಿನಿಂದ ಒತ್ತಿದ್ದು. ನಾವು ಕಾಗದದ ಬದಲು ಹಲಗೆಗೆ ಬರೆಯುತ್ತೇವೆ, ಅಷ್ಟೇ.

ಜುಲೈ ಕೊನೆಗೆ ಬಂದ್ರೆ ಆಗ್ತದಾ?

ಎಲ್ಲರೂ ಬರುವುದು ಆಗಲೇ! ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಬೋಟು ದಡ ಹತ್ತುವುದು, ತಳ ಕೆರೆಯುವುದು, ಎಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು ಎಲ್ಲ ಈ ಎರಡು ತಿಂಗಳಲ್ಲಿ. ಹೆಸರು ಎಲ್ಲಕ್ಕಿಂತ ಕೊನೆಯ ಕೆಲಸ. ಮೇಸ್ತ್ರಿ ನಾಲ್ಕು ದಿನ ತಡ ಮಾಡಿದರೆ ಆ ನಾಲ್ಕು ದಿನ ಕತ್ತರಿಸುವುದು ನಮ್ಮ ಪಾಲಿನಿಂದ.

ಜೂನ್‌ನಲ್ಲೇ ಹೆಸರು ಬರೆಯುವ ಪಟ್ಟಿಯ ಜಾಗವನ್ನು ಮಾತ್ರ ಮೊದಲು ಉಜ್ಜಿಸಿ, ಪ್ರೈಮರ್ ಹಾಕಿಸಿಡಿ. ಉಳಿದ ಮೈ ಆಮೇಲೆ ಆಗಲಿ. ತುಳುವರ ಆಟಿ ತಿಂಗಳಲ್ಲಿ ಹೊಸ ಹೆಸರು ಬರೆಸುವುದು ಬೇಡ ಅನ್ನುವವರು ಇದ್ದಾರೆ. ಅಂಥವರು ಜುಲೈ ನಡುವೆ ಆಟಿ ಶುರುವಾಗುವ ಮೊದಲೇ ಒಂದು ‘ಶ್ರೀ’ ಬರೆಸಿಡುತ್ತಾರೆ. ಉಳಿದದ್ದು ಆಮೇಲೆ. ಶಾಸ್ತ್ರವೂ ಆಯಿತು, ನನಗೆ ಪುರುಸೊತ್ತೂ ಆಯಿತು.

ಒಂದು ಬೋಟಿಗೆ ಎಷ್ಟು ತಗೊಳ್ತೀರಿ? ಅಕ್ಷರ ಲೆಕ್ಕವಾ?

ಅಕ್ಷರ ಲೆಕ್ಕದಲ್ಲಿ ಕೇಳುವವರಿದ್ದಾರೆ, ಆದರೆ ಕನ್ನಡಕ್ಕೆ ಅದು ಹೊಂದುವುದಿಲ್ಲ. ‘ಲಕ್ಷ್ಮೀ’ ಎಷ್ಟು ಅಕ್ಷರ? ಎರಡು. ‘ಸಾಗರ’ ಮೂರು. ಆದರೆ ಲಕ್ಷ್ಮೀಗೆ ಹಿಡಿಯುವ ಹೊತ್ತಿನಲ್ಲಿ ಎರಡು ಸಾಗರ ಬರೆಯಬಹುದು. ಅದಕ್ಕೆ ನಾನು ಪಟ್ಟಿಯ ಉದ್ದ ಮತ್ತು ಎತ್ತರ ನೋಡಿ ಒಟ್ಟು ಹೇಳುತ್ತೇನೆ. ನೆರಳು, ಬಾರ್ಡರ್, ಮೀನಿನ ಚಿತ್ರ ಬೇರೆ. ಹಳೆಯ ಹೆಸರು ಕೆರೆಯುವುದಿದ್ದರೆ ಅದೂ ಬೇರೆ, ಯಾಕೆಂದರೆ ಅದೇ ಜಾಸ್ತಿ ಕೆಲಸ.

ಕನ್ನಡದಲ್ಲಿ ಮಾತ್ರ ಬರೆದ್ರೆ ಸಾಲ್ದಾ?

ನಾಡದೋಣಿ ಊರ ಎದುರಿಗೇ ಇರುತ್ತದೆ, ಅದಕ್ಕೆ ಸಾಕು. ಆಳಸಮುದ್ರದ ಬೋಟು ಗೋವಾ, ರತ್ನಾಗಿರಿ ದಾಟುತ್ತದೆ, ಕೇರಳದ ಕಡೆಗೂ ಹೋಗುತ್ತದೆ. ಅಲ್ಲಿ ಕರೆಯುವವರಿಗೆ, ಕೋಸ್ಟ್ ಗಾರ್ಡಿನವರಿಗೆ ಓದಲು ಆಗಬೇಕಲ್ವಾ? ಮೂತಿಯ, ಅಂದರೆ ಬೋಟಿನ ಮುಂತುದಿಯ, ಎರಡೂ ಬದಿಗೆ ದೊಡ್ಡ ಕನ್ನಡ, ಅದರ ಕೆಳಗೋ ಕ್ಯಾಬಿನ್ನಿನ ಮೇಲೋ ಇಂಗ್ಲಿಷ್ ಹಾಕಿ.

ನೋಂದಣಿ ನಂಬರ್ ಬೇರೆ ವಿಷಯ. ಅದು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು: ಐಎನ್‌ಡಿ, ಕೆಎ, ಜಿಲ್ಲೆಯ ಅಂಕೆ, ಬೋಟಿನ ವರ್ಗದ ಅಕ್ಷರ, ಕೊನೆಗೆ ನಂಬರು. ಅದಕ್ಕೆ ನೆರಳು, ಬಳ್ಳಿ ಏನೂ ಬೇಡ. ಹೆಸರಿನಲ್ಲಿ ಎಷ್ಟು ಬೇಕಾದರೂ ಸಿಂಗಾರ ಮಾಡಿ, ನಂಬರ್ ಮಾತ್ರ ಸಪ್ಪಗೇ ಇರಲಿ.

## ಮೈ, ಬಣ್ಣ, ಬ್ರಷ್

ಮರ, ಫೈಬರ್, ಕಬ್ಬಿಣ, ಎಲ್ಲಕ್ಕೂ ಒಂದೇ ತರ ತಯಾರಿಯಾ?

ಒಂದು ಕೆಲಸ ಮೂರಕ್ಕೂ ಒಂದೇ: ಮೊದಲು ಸಿಹಿನೀರಿನಲ್ಲಿ ತೊಳೆಯುವುದು. ಉಪ್ಪಿನ ಮೇಲೆ ಬಳಿದ ಬಣ್ಣ ಒಳಗಿಂದ ಗುಳ್ಳೆ ಏಳುತ್ತದೆ. ಮಳೆ ಬಂತಲ್ಲ ತೊಳೆದ ಹಾಗೇ ಆಯಿತು ಅನ್ನಬೇಡಿ, ಬಟ್ಟೆ ಹಿಡಿದು ಉಜ್ಜಿ.

ಆಮೇಲೆ ದಾರಿ ಬೇರೆ ಬೇರೆ. ಮರಕ್ಕೆ ಸಂದು, ಮೊಳೆ ತೂತು ತುಂಬಿಸಿ, ಒಣಗಿದ ಮೇಲೆ ಉಜ್ಜಿ, ಮರದ ಪ್ರೈಮರ್. ದಡದಲ್ಲಿ ನಿಂತ ಬೋಟಿನ ಹಲಗೆ ಒಣಗಿ ಸಂದು ಬಿಡುತ್ತದೆ, ನೀರಿಗಿಳಿದ ಮೇಲೆ ಉಬ್ಬಿ ಕೂಡುತ್ತದೆ. ಅದಕ್ಕೆ ಸಣ್ಣ ಒತ್ತು, ಸೊನ್ನೆ ಇವೆಲ್ಲ ಸಂದಿನ ಮೇಲೆ ಬಾರದ ಹಾಗೆ ಅಕ್ಷರವನ್ನು ಒಂದಿಂಚು ಆಚೀಚೆ ಸರಿಸಿ. ಹೊಸ ಫೈಬರ್ ಬೋಟಿನ ಮೈಗೆ ಅಚ್ಚಿನ ಮೇಣ ಅಂಟಿರುತ್ತದೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, 220 ನಂಬರ್ ಸ್ಯಾಂಡ್ ಪೇಪರಿನಲ್ಲಿ ಹೊಳಪು ಹೋಗುವ ತನಕ ಉಜ್ಜಿದರೆ ಮಾತ್ರ ಬಣ್ಣ ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಪೂರ್ತಿ ಹೋಗಬೇಕು, ಆ ದಿನವೇ ಪ್ರೈಮರ್ ಬೀಳಬೇಕು. ಕಡಲ ಬದಿಯ ಗಾಳಿಗೆ ಬರಿ ಕಬ್ಬಿಣ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ.

ಹಳೆಯ ಬಣ್ಣ ಕೆರೆಯುವಾಗ ಮೂಗಿಗೆ ಮಾಸ್ಕ್ ಹಾಕಿ, ನೀರು ಹಾಕಿ ಉಜ್ಜಿ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಎಂಬ ನಿಯಮ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಿಂದಿನ ಪದರದಲ್ಲಿ ಏನಿದೆಯೋ ಯಾರಿಗೆ ಗೊತ್ತು!

ನಮ್ಮ ದೋಣಿಗೆ ವರ್ಷ ವರ್ಷ ಎಣ್ಣೆ ಕೊಡ್ತೇವೆ. ಅದ್ರ ಮೇಲೆ ಬಣ್ಣ ನಿಲ್ತದಾ?

ನಿಲ್ಲುವುದಿಲ್ಲ. ಬೂತಾಯಿ ಮೀನಿನ ಎಣ್ಣೆ, ಗೇರುಬೀಜದ ಸಿಪ್ಪೆ ಎಣ್ಣೆ ಮರಕ್ಕೆ ಒಳ್ಳೆಯದು, ಪೇಂಟಿಗೆ ಶತ್ರು. ಎಣ್ಣೆ ಕುಡಿದ ಹಲಗೆಗೆ ಬರೆದರೆ ಒಂದು ವಾರ ಅಂಟಂಟು, ಎರಡನೇ ವಾರ ಚಕ್ಕೆ. ಹೆಸರಿನ ಜಾಗಕ್ಕೆ ಎಣ್ಣೆ ಕೊಡುವುದನ್ನು ನಿಲ್ಲಿಸಿ, ಕೆರೆದು, ಟರ್ಪೆಂಟೈನಿನಲ್ಲಿ ಎರಡು ಮೂರು ಸಲ ಒರೆಸಿ, ಅಲ್ಯೂಮಿನಿಯಂ ಪೇಂಟಿನ ಒಂದು ಕೋಟು ಕೊಟ್ಟು ಮುಚ್ಚಬಹುದು. ಅದಕ್ಕಿಂತ ಸುಲಭದ್ದು ಒಂದುಂಟು: ಬೇರೆ ಹಲಗೆಗೆ ಹೆಸರು ಬರೆಸಿ ಸ್ಕ್ರೂ ಹಾಕಿ. ಎಣ್ಣೆ ಕೊಡುವ ದಿನ ಬಿಚ್ಚಿಟ್ಟರಾಯಿತು.

ಯಾವ ಪೇಂಟ್ ತರ್ಲಿ? ಹದ ಹೇಗೆ ಗೊತ್ತಾಗೋದು?

ಮರಕ್ಕೂ ಕಬ್ಬಿಣಕ್ಕೂ ಒಳ್ಳೆಯ ಸಿಂಥೆಟಿಕ್ ಎನಾಮಲ್. ಕಂಪನಿ ಯಾವುದಾದರೂ ಆಗಬಹುದು, ಹೊರಗಿನ ಬಳಕೆಗೆ ಅಂತ ಡಬ್ಬಿಯ ಮೇಲೆ ಇರಲಿ. ಫೈಬರಿಗೆ ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್ ಜಾಸ್ತಿ ಬಾಳುತ್ತದೆ, ಆದರೆ ಬೆರೆಸಿದ ಕೆಲವು ಗಂಟೆಗಳಲ್ಲಿ ಮುಗಿಸಬೇಕು. ಹೊಸಬರಿಗೆ ಅದು ಬೇಡ.

ಹದ ಹೇಳುವುದು ಸುಲಭ. ಉದ್ದಿನ ದೋಸೆ ಹಿಟ್ಟಿಗಿಂತ ತೆಳು, ನೀರುದೋಸೆ ಹಿಟ್ಟಿಗಿಂತ ದಪ್ಪ. ದಪ್ಪ ಇದ್ದರೆ ಬ್ರಷ್ ಎಳೆಯುತ್ತದೆ, ಅಕ್ಷರದ ಅಂಚು ಹಲ್ಲು ಹಲ್ಲಾಗುತ್ತದೆ. ತೆಳು ಇದ್ದರೆ ಇಳಿಯುತ್ತದೆ. ಡಬ್ಬಿಯಿಂದ ನೇರ ಅದ್ದಬೇಡಿ. ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಸುರಿದು, ಹಳೆಯ ಕಾಲ್ಚೀಲದಲ್ಲಿ ಸೋಸಿ.

ಕೆಂಪು ಬರೆಸಿದ್ದು ಒಂದೇ ವರ್ಷಕ್ಕೆ ಗುಲಾಬಿ ಆಯ್ತು. ಯಾಕೆ?

ಹೊಳೆಯುವ ಕೆಂಪಿನ ಬಣ್ಣದ ಪುಡಿಗೆ ಬಿಸಿಲು ತಡೆಯುವ ಶಕ್ತಿ ಕಡಿಮೆ. ಅಗ್ಗದ ಹಳದಿಯೂ ಹಾಗೇ. ಬಿಳಿ, ಕಪ್ಪು, ಕಾವಿ ಕೆಂಪು ಗಟ್ಟಿ. ಕಾವಿ ಅಂದರೆ ಕಬ್ಬಿಣದ ತುಕ್ಕಿನ ಜಾತಿಯ ಬಣ್ಣ, ಅದು ಇನ್ನೆಷ್ಟು ಕೆಡಬೇಕು? ಕೆಂಪೇ ಬೇಕು ಅಂದರೆ ಅಕ್ಷರ ಬಿಳಿ ಇರಲಿ, ನೆರಳು ಕೆಂಪಿರಲಿ. ನೆರಳು ಮಾಸಿದರೂ ಹೆಸರು ಓದಲು ಬರುತ್ತದೆ.

ಮೈಯ ಬಣ್ಣ ನಿಮ್ಮ ಇಷ್ಟ ಅಂತಲೂ ಪೂರ್ತಿ ಹೇಳುವ ಹಾಗಿಲ್ಲ. 2008ರ ಮುಂಬೈ ದಾಳಿಯ ಮೇಲೆ ಒಂದೊಂದು ಕರಾವಳಿ ರಾಜ್ಯದ ಮೀನುಗಾರಿಕೆ ಬೋಟಿಗೆ ಒಂದೊಂದು ಬಣ್ಣದ ಗುರುತು ಬಂತು. ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ, ಮೈಗೆ ಬಣ್ಣ ಬಳಿಸಿ, ಆಮೇಲೆ ಅಕ್ಷರದ ಬಣ್ಣ ಆರಿಸಿ. ಕಡು ಮೈಗೆ ಬಿಳಿ ಅಥವಾ ತಿಳಿ ಹಳದಿ, ತಿಳಿ ಮೈಗೆ ಕಪ್ಪು ಅಥವಾ ಕಡು ನೀಲಿ. ನೀಲಿ ಮೈಗೆ ಕೆಂಪಕ್ಷರ ಮಾತ್ರ ಬೇಡ, ಸಂಜೆ ಹೊತ್ತಿಗೆ ಎರಡೂ ಒಂದೇ ಕಪ್ಪಾಗಿ ಕಾಣುತ್ತವೆ.

ಕೈ ನಡುಗ್ತದೆ. ನೀವು ಅಷ್ಟು ಗೆರೆ ಒಂದೇ ಸಲಕ್ಕೆ ಹೇಗೆ ಎಳೀತೀರಿ?

ನನ್ನ ಕೈಯೂ ನಡುಗುತ್ತದೆ. ಅದಕ್ಕೇ ಕೈಕೋಲು ಇರುವುದು. ಮೂರು ಅಡಿಯ ಬಿದಿರಿನ ಕೋಲು, ತುದಿಗೆ ಹತ್ತಿ ಇಟ್ಟು ಬಟ್ಟೆ ಕಟ್ಟಿದ ಉಂಡೆ. ಉಂಡೆಯನ್ನು ಬೋಟಿಗೆ ಆನಿಸಿ, ಎಡಗೈಯಲ್ಲಿ ಕೋಲು ಹಿಡಿದು, ಅದರ ಮೇಲೆ ಬಲಗೈಯ ಮಣಿಕಟ್ಟು ಇಡಿ. ಹಸಿ ಬಣ್ಣಕ್ಕೆ ಕೈ ತಾಗುವುದಿಲ್ಲ, ನಡುಕವೂ ನಿಲ್ಲುತ್ತದೆ.

ಬ್ರಷ್ ಎರಡು ಸಾಕು. ಅಕ್ಷರದ ಗೆರೆಗೆ ಉದ್ದ ಕೂದಲಿನ ಮೆತ್ತಗಿನ ಬ್ರಷ್, ಹೊಟ್ಟೆ ತುಂಬಿಸಲು ಒಂದಿಂಚಿನ ಚಪ್ಪಟೆ ಬ್ರಷ್. ಕೂದಲು ಗಿಡ್ಡ ಇದ್ದರೆ ಬಣ್ಣ ಬೇಗ ಮುಗಿದು ಗೆರೆ ಮಧ್ಯದಲ್ಲಿ ನಿಲ್ಲುತ್ತದೆ. ಒಂದು ಗುಟ್ಟು: ಬ್ರಷ್ಷಿನ ತುದಿ ನೋಡಬೇಡಿ, ಗೆರೆ ಹೋಗಿ ಮುಟ್ಟುವ ಜಾಗ ನೋಡಿ. ಸೈಕಲ್ ಕಲಿಯುವಾಗ ಚಕ್ರ ನೋಡಿದರೆ ಬೀಳುತ್ತೇವಲ್ಲ, ಹಾಗೇ.

## ಅಕ್ಷರ ಕೂರಿಸುವುದು

ಅಕ್ಷರ ಎಷ್ಟು ಇಂಚು ಇರ್ಬೇಕು?

ಬೋರ್ಡು ಬರೆಯುವವರ ಹಳೆಯ ಲೆಕ್ಕ: ಆರಾಮಾಗಿ ಓದಲು 10 ಅಡಿ ದೂರಕ್ಕೆ 1 ಇಂಚು. 100 ಅಡಿಯಿಂದ ಓದಬೇಕಾದರೆ 10 ಇಂಚು. ಇದು ಇಂಗ್ಲಿಷ್ ಅಕ್ಷರಕ್ಕೆ ಸರಿ. ಕನ್ನಡದ ಅಕ್ಷರದೊಳಗೆ ಸುಳಿ, ಸೀಳು, ಚುಕ್ಕೆ ಇರುತ್ತವೆ. ‘ಧ’ದ ಸೀಳು ಮುಚ್ಚಿಹೋದರೆ ಅದು ‘ದ’. ಅದಕ್ಕೆ ನಾನು ಕಾಲು ಭಾಗ ಜಾಸ್ತಿ ಇಡುತ್ತೇನೆ, 10ರ ಜಾಗಕ್ಕೆ ಹನ್ನೆರಡೂವರೆ.

ನಂಬರಿಗೆ ಮೊದಲು ಇಲಾಖೆ ಹೇಳಿದ ಅಳತೆ ನೋಡಿ. ಇನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1989ರಲ್ಲಿ ಮೀನುಗಾರಿಕೆ ಬೋಟುಗಳ ಗುರುತಿಗೆ ಒಂದು ಮಾದರಿ ಕೊಟ್ಟಿದೆ. 12ರಿಂದ 15 ಮೀಟರ್ ಬೋಟಿಗೆ 40 ಸೆಂಟಿಮೀಟರ್ ಎತ್ತರದ ಅಕ್ಷರ, 15ರಿಂದ 20 ಮೀಟರಿಗೆ 60 ಸೆಂಟಿಮೀಟರ್. ಗೆರೆಯ ದಪ್ಪ ಎತ್ತರದ ಆರನೇ ಒಂದು ಭಾಗ. ನಮ್ಮ ದಕ್ಕೆಯಲ್ಲಿ ಅಷ್ಟು ದೊಡ್ಡದು ಬರೆಸಲು ಯಾರೂ ಒಪ್ಪುವುದಿಲ್ಲ ಅನ್ನುವುದು ಬೇರೆ ಮಾತು. ಆರನೇ ಒಂದು ಎಂಬ ಲೆಕ್ಕ ಮಾತ್ರ ಚಿಕ್ಕ ನಂಬರಿಗೂ ಚಂದ ಹೊಂದುತ್ತದೆ.

ಲೆವೆಲ್ ಹಿಡಿದು ನೇರ ಬರೆದೆ. ನೀರಿಗಿಳಿದ ಮೇಲೆ ಸೊಟ್ಟ ಕಾಣ್ತದೆ!

ಇದು ನನಗೂ ಆಗಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ದಡದಲ್ಲಿ ಕುತ್ತಿ ಕೊಟ್ಟು ನಿಲ್ಲಿಸಿದ್ದ ಬೋಟಿಗೆ ಸ್ಪಿರಿಟ್ ಲೆವೆಲ್ ಇಟ್ಟು, ಗುಳ್ಳೆ ಮಧ್ಯಕ್ಕೆ ಬರುವ ತನಕ ಉಸಿರು ಬಿಗಿ ಹಿಡಿದು ನೂಲು ಹೊಡೆದೆ. ಹೆಸರು ಬರೆದೆ. ಆಗಸ್ಟ್ ಮೊದಲ ದಿನ ಬೋಟು ನೀರಿಗಿಳಿಯಿತು. ಹಿಂಬದಿ ಕೂತಿತು, ಮೂತಿ ಎದ್ದಿತು, ನಾನು ಬರೆದ ಹೆಸರು ಆಕಾಶಕ್ಕೆ ಹಾರುವ ಹಾಗೆ ಕಂಡಿತು. ಬೋಟು ನಡೆಸುವ ತಾಂಡೇಲರು ಏನೂ ಬಯ್ಯಲಿಲ್ಲ. “ವಿಮಾನಕ್ಕೆ ಬರೆದದ್ದಾ ತಮ್ಮಾ?” ಅಂದರು. ಬೈದಿದ್ದರೇ ಒಳ್ಳೆಯದಿತ್ತು.

ದಡದಲ್ಲಿ ಬೋಟು ನಿಲ್ಲುವ ಭಂಗಿ ಬೇರೆ, ನೀರಿನಲ್ಲಿ ತೇಲುವ ಭಂಗಿ ಬೇರೆ. ಮೀನು, ಐಸ್, ಡೀಸೆಲ್ ತುಂಬಿದರೆ ಇನ್ನೂ ಬೇರೆ. ಭೂಮಿಯ ಲೆವೆಲ್ಲು ಅಲ್ಲಿ ಕೆಲಸಕ್ಕೆ ಬಾರದು. ಬೋಟಿನ ಮೈಯಲ್ಲೇ ಇರುವ ಗೆರೆ ಹಿಡಿಯಿರಿ: ಮೇಲಂಚಿನ ಪಟ್ಟಿ, ಅಥವಾ ಮೈಗೆ ಉಜ್ಜು ತಾಗದ ಹಾಗೆ ಬದಿಗೆ ಹೊಡೆದ ಉಜ್ಜುಪಟ್ಟಿ. ಅದು ಮೂತಿಯ ಕಡೆ ಬಾಗಿ ಮೇಲೇರುತ್ತದೆ. ಅದರಿಂದ ಒಂದೇ ಅಳತೆ ಕೆಳಗೆ ಅಡಿಗೊಂದು ಗುರುತು ಹಾಕಿ, ಆ ಗುರುತುಗಳನ್ನು ಒಂದು ತೆಳು ರೀಪು ಬಗ್ಗಿಸಿ ಸೇರಿಸಿ. ಅಕ್ಷರಗಳು ಆ ಬಾಗಿದ ಗೆರೆಯ ಮೇಲೆ ಕೂರಲಿ. ಬೋಟು ಹೇಗೆ ನಿಂತರೂ ಹೆಸರು ಅದರ ಮೈಗೆ ಸರಿಯಾಗಿಯೇ ಕಾಣುತ್ತದೆ.

ಒತ್ತಕ್ಷರಕ್ಕೆ ಜಾಗವೇ ಸಾಲ್ವುದಿಲ್ಲ. ಮಹಾಲಕ್ಷ್ಮೀ ಹೇಗೆ ಕೂರಿಸ್ತೀರಿ?

ಒತ್ತನ್ನು ಕೊನೆಗೆ ತುರುಕುವುದರಿಂದಲೇ ಈ ಕಷ್ಟ. ಇಂಗ್ಲಿಷ್ ಬೋರ್ಡು ನೋಡಿ ಕಲಿತವರು ಮೇಲೊಂದು ಗೆರೆ, ಕೆಳಗೊಂದು ಗೆರೆ ಹೊಡೆದು ಶುರು ಮಾಡುತ್ತಾರೆ. ಕನ್ನಡಕ್ಕೆ ನಾಲ್ಕು ಗೆರೆ ಬೇಕು, ನಮ್ಮ ಶಾಲೆಯ ಕಾಪಿ ಪುಸ್ತಕದ ಹಾಗೆ. ಒತ್ತು ಮೊದಲು ಕೂರಿಸಿ, ಮೇಲಿನ ಅಕ್ಷರ ಆಮೇಲೆ. ಹೊಸಬರಿಗೆ ನಾನು ಹೇಳುವುದು ಇದೊಂದೇ. ಬೇರೆ ಎಲ್ಲ ಮರೆತರೂ ನಡೆಯುತ್ತದೆ.

18 ಇಂಚು ಎತ್ತರದ ಪಟ್ಟಿ ಇದೆ ಅಂದುಕೊಳ್ಳಿ. ಮೇಲೆ ಒಂದೂವರೆ ಇಂಚು ಗುಡಿಸಿಗೆ. ಅದರ ಕೆಳಗೆ 10 ಇಂಚು ಅಕ್ಷರದ ಮೈ. ಆಮೇಲೆ 5 ಇಂಚು ಒತ್ತಿಗೆ. ಉಳಿದ ಒಂದೂವರೆ ಇಂಚು ಉಸಿರಾಡಲು. ಒತ್ತು ಮೈಯ ಅರ್ಧದಷ್ಟಾದರೂ ಇರಬೇಕು. ಪುಸ್ತಕದ ಅಚ್ಚಿನಲ್ಲಿ ಅದು ಚಿಕ್ಕದಿದ್ದರೂ ಕಣ್ಣು ಹತ್ತಿರ ಇರುತ್ತದೆ, ಬೋಟಿನಲ್ಲಿ ಹಾಗಲ್ಲ.

ಈಗ ‘ಮಹಾಲಕ್ಷ್ಮೀ’. ಮ, ಹಾ, ಲ, ಮೂರಕ್ಕೂ ಕೆಳಗೆ ಏನೂ ಇಲ್ಲ. ಭಾರವೆಲ್ಲ ಕೊನೆಯ ಒಂದೇ ಅಕ್ಷರಕ್ಕೆ: ಕ, ಅದಕ್ಕೆ ಷಕಾರದ ಬಾಲ, ಪಕ್ಕದಲ್ಲಿ ಮಕಾರದ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘ. ಎರಡು ಅಕ್ಷರದ ಅಗಲ ಇದೊಂದಕ್ಕೇ ಕೊಡಿ. ಷಕಾರದ ಬಾಲ ಕ ಅಕ್ಷರದ ಹೊಟ್ಟೆಯ ನೇರ ಕೆಳಗೆ ಇಳಿಯಲಿ, ಮ ಒತ್ತು ದೀರ್ಘದ ಅಡಿಯಲ್ಲಿ ಕೂರಲಿ. ದೀರ್ಘದ ಕೆಳಗೆ ಹೇಗೂ ಖಾಲಿ ಜಾಗ, ಅದನ್ನು ಬಾಡಿಗೆಗೆ ಕೊಟ್ಟ ಹಾಗೆ. ಇಷ್ಟಾದರೂ ಬಲಗಡೆ ಭಾರ, ಎಡಗಡೆ ಹಗುರ. ಹೆಸರಿಗೆ ಮೊದಲು ಒಂದು ‘ಶ್ರೀ’ ಸೇರಿಸಿ ನೋಡಿ. ಅದರ ರಕಾರದ ಒತ್ತು ಎಡತುದಿಯಲ್ಲಿ ಕೆಳಗಿಳಿಯುತ್ತದೆ, ತಕ್ಕಡಿ ಸಮ ಆಗುತ್ತದೆ. ಭಕ್ತಿಗೆ ಶ್ರೀ ಬರೆಸುವವರು ಬರೆಸಲಿ, ನಾನು ಬರೆಯುವುದು ತೂಕಕ್ಕೂ ಹೌದು.

ಜಾಗ ತೀರಾ ಕಡಿಮೆ ಇದ್ದರೆ ಅರ್ಕಾವತ್ತು ಬಹಳ ಉಪಕಾರಿ. ‘ದುರ್ಗಾ’ ಬರೆಯುವಾಗ ರ ಬರೆದು ಗ ಒತ್ತು ಕೊಟ್ಟರೆ ಕೆಳಗೆ ನೇತಾಡುತ್ತದೆ. ಅರ್ಕಾವತ್ತು ಹಾಕಿದರೆ ಎಲ್ಲ ಒಂದೇ ಸಾಲಿನಲ್ಲಿ ಮುಗಿಯಿತು.

ಎಡಗಡೆ ಚಂದ ಬಂತು. ಬಲಗಡೆ ಮೂತಿ ಹತ್ರ ಅಕ್ಷರ ಒತ್ತೊತ್ತಾಯ್ತು. ಏನು ತಪ್ಪು?

ಎರಡೂ ಬದಿಯಲ್ಲಿ ಎಡದಿಂದಲೇ ಶುರು ಮಾಡಿದ್ದೀರಿ. ಬೋಟಿನ ಎಡಬದಿಯ ಎದುರು ನಿಂತರೆ ಮೂತಿ ನಮ್ಮ ಎಡಕ್ಕೆ. ಹೆಸರಿನ ಮೊದಲ ಅಕ್ಷರ ಮೂತಿಯ ಹತ್ತಿರ. ಬಲಬದಿಗೆ ಹೋದರೆ ಮೂತಿ ನಮ್ಮ ಬಲಕ್ಕೆ, ಕೊನೆಯ ಅಕ್ಷರ ಮೂತಿಯ ಹತ್ತಿರ. ಅಲ್ಲಿ ಅಳತೆಯನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ತನ್ನಿ. ಮೂತಿಯ ಕಡೆ ಮೈ ತಿರುಗುವುದರಿಂದ ಪಕ್ಕದಿಂದ ನೋಡುವಾಗ ಅಲ್ಲಿಯ ಅಕ್ಷರ ಸಪೂರ ಕಾಣುತ್ತದೆ, ಸ್ವಲ್ಪ ಅಗಲ ಮಾಡಿ.

ಇನ್ನೊಂದು ಎಚ್ಚರ. ಕಾಗದಕ್ಕೆ ಸೂಜಿಯಲ್ಲಿ ತೂತು ಚುಚ್ಚಿ, ಸೀಮೆಸುಣ್ಣದ ಪುಡಿಯ ಬಟ್ಟೆಗಂಟು ತಟ್ಟಿ ಅಚ್ಚು ಇಳಿಸುವ ಕ್ರಮ ಉಂಟು, ರಂಗೋಲಿ ಅಚ್ಚಿನ ಹಾಗೆ. ಬಲಬದಿಗೆ ಹೋಗುವಾಗ ಆ ಕಾಗದವನ್ನು ಮಗುಚಿ ಹಾಕಿ, ಕನ್ನಡಿಯಲ್ಲಿ ಮಾತ್ರ ಓದಬಹುದಾದ ಹೆಸರು ಬರೆದವರನ್ನು ನಾನು ಕಂಡಿದ್ದೇನೆ. ಕಾಗದದ ಮುಖಕ್ಕೆ ದೊಡ್ಡದಾಗಿ ‘ಮೇಲೆ’ ಅಂತ ಬರೆದಿಡಿ.

ನುಡಿ, ಬರಹದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದು ಟ್ರೇಸ್ ಮಾಡಿದ್ರೆ ಆಗಲ್ವಾ?

ಆಗುತ್ತದೆ. ಕಾಗುಣಿತ ತಪ್ಪುವುದಿಲ್ಲ, ಅದೊಂದು ಲಾಭ. ಆದರೆ ಆ ಅಕ್ಷರ ಕಾಗದಕ್ಕೆ ಮಾಡಿದ್ದು. ದೊಡ್ಡದು ಮಾಡಿದಾಗ ಗೆರೆ ಸಪೂರ, ಒತ್ತು ಚಿಕ್ಕದು, ಅಕ್ಷರಗಳ ನಡುವೆ ಅಂತರ ಯಾಂತ್ರಿಕ. ಟ್ರೇಸ್ ಮಾಡಿ, ಆಮೇಲೆ ಗೆರೆ ದಪ್ಪ ಮಾಡಿ, ಒತ್ತು ಹಿಗ್ಗಿಸಿ, ದೂರ ನಿಂತು ಅಂತರ ಸರಿಪಡಿಸಿ. ಇಷ್ಟೆಲ್ಲ ಮಾಡುವ ಹೊತ್ತಿಗೆ ಅದು ನಿಮ್ಮದೇ ಅಕ್ಷರ ಆಗಿರುತ್ತದೆ.

ಆಶೀರ್ವಾದಕ್ಕೆ ಅರ್ಕಾವತ್ತು ಎಲ್ಲಿ ಹಾಕೋದು? ಪ್ರತೀ ಸಲ ಗೊಂದಲ.

‘ವಾ’ ಆದ ಮೇಲೆ. ರ್ ಎಂಬ ಸದ್ದು ವಾ ಅನ್ನುವ ಮೊದಲು ಬರುತ್ತದೆ, ಗುರುತು ಮಾತ್ರ ವಾ ಬರೆದ ಮೇಲೆ ಕೂರುತ್ತದೆ. ಇದನ್ನು ‘ಶೀ’ ಪಕ್ಕ ಹಾಕಿದರೆ ಓದುವಾಗ ‘ಆರ್ಶೀವಾದ’ ಆಗುತ್ತದೆ. ಕರಾವಳಿಯ ಬೋಟು, ಬಸ್ಸು, ಮನೆಯ ಗೇಟು ಎಲ್ಲ ಕಡೆ ಈ ಆರ್ಶೀವಾದ ಸಿಗುತ್ತದೆ. ‘ಮತ್ಸ್ಯ’ಕ್ಕೂ ಹೀಗೇ ಒದ್ದಾಟ: ತ ಮೇಲೆ, ಅದರ ಕೆಳಗೆ ಸ ಒತ್ತು, ಪಕ್ಕಕ್ಕೆ ಯ ಒತ್ತು. ಬರೆಯುವ ಮೊದಲು ಹೆಸರನ್ನು ಮಾಲಕರ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಆರ್‌ಸಿ (ನೋಂದಣಿ ಪತ್ರ) ಜೊತೆ ಹೋಲಿಸಿ, ಚೀಟಿ ಜೇಬಿನಲ್ಲಿಡಿ. ತಪ್ಪಾದರೆ ಯಾರ ತಪ್ಪು ಅಂತ ಚೀಟಿ ಹೇಳುತ್ತದೆ.

## ಕೈ ಕುದುರಿದ ಮೇಲೆ

ನೆರಳು ಯಾವ ಕಡೆ ಕೊಟ್ರೆ ಚಂದ?

ಹೆಚ್ಚಿನವರು ಬಲಕ್ಕೆ, ಕೆಳಕ್ಕೆ ಕೊಡುತ್ತಾರೆ. ನಾನು ಎಡಕ್ಕೆ, ಕೆಳಕ್ಕೆ. ನಮ್ಮ ಅಕ್ಷರದ ಒತ್ತು, ದೀರ್ಘ, ಕೊಂಬು, ಅರ್ಕಾವತ್ತು ಎಲ್ಲ ಬಲಗಡೆಗೆ ಸೇರಿಕೊಂಡಿರುತ್ತವೆ. ಅಲ್ಲಿಗೇ ನೆರಳೂ ಹೋದರೆ ಸಂತೆ. ಎಡಗಡೆ ಖಾಲಿ ಇದೆ, ಅಲ್ಲಿ ಕೊಡಿ. ಅಕ್ಷರಕ್ಕೂ ನೆರಳಿಗೂ ನಡುವೆ ಪೆನ್ಸಿಲ್ ದಪ್ಪದ ಸಂದು ಬಿಡಿ. ಅದರಲ್ಲಿ ಮೈಯ ಬಣ್ಣ ಕಾಣಬೇಕು. ದೂರದಿಂದ ಅಕ್ಷರ ಎದ್ದು ನಿಂತ ಹಾಗೆ ಕಾಣುತ್ತದೆ, ಬರೆಯುವಾಗ ಒಂದು ಬಣ್ಣ ಇನ್ನೊಂದಕ್ಕೆ ಹರಿಯುವ ಭಯವೂ ಇಲ್ಲ. ಬೋಟಿನ ಎರಡೂ ಬದಿಯಲ್ಲಿ ನೆರಳು ಅಕ್ಷರದ ಎಡಕ್ಕೇ ಇರಲಿ.

ಬರೆದ ದಿನ ಹೊಳಪು ಇತ್ತು. ಮರುದಿನ ಬೂದಿ ಎರಚಿದ ಹಾಗೆ ಮಂಕಾಯ್ತು. ಪೇಂಟ್ ಸರಿ ಇಲ್ವಾ?

ಪೇಂಟಿನ ತಪ್ಪಲ್ಲ, ತೇವದ ಕೆಲಸ. ಎನಾಮಲ್ ಮೇಲ್ಪದರ ಒಣಗುವ ಮೊದಲು ಗಾಳಿಯ ತೇವ ಅದರ ಮೇಲೆ ಕೂತರೆ ಹೊಳಪು ಸಾಯುತ್ತದೆ. ಮಳೆಗಾಲದಲ್ಲಿ ಮಳೆ ಬಿಟ್ಟು ಹೊಳವಾದಾಗ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಬರೆದು ಮುಗಿಸಿ. ಅಂಗೈಯಿಂದ ಮೈ ಮುಟ್ಟಿ ನೋಡಿ, ತಣ್ಣಗೆ ಒದ್ದೆ ಅನ್ನಿಸಿದರೆ ಆ ದಿನ ಚಾ ಕುಡಿದು ಮನೆಗೆ ಹೋಗಿ. ಟಾರ್ಪಾಲನ್ನು ಬೋಟಿಗೆ ಅಂಟಿಸಿ ಕಟ್ಟಬೇಡಿ. ಒಂದು ಮೊಳ ದೂರ ಚಾಚಿ, ಎರಡು ತುದಿ ತೆರೆದಿರಲಿ. ಒಳಗೆ ಗಾಳಿ ಆಡದಿದ್ದರೆ ಟಾರ್ಪಾಲೇ ಬೆವರಿ ನೀರು ತೊಟ್ಟಿಕ್ಕುತ್ತದೆ. ಮಂಕಾದದ್ದನ್ನು ಪೂರ್ತಿ ಒಣಗಿದ ಮೇಲೆ ನಯವಾಗಿ ಉಜ್ಜಿ ಇನ್ನೊಂದು ಕೋಟು ಕೊಟ್ಟರೆ ಸರಿಹೋಗುತ್ತದೆ.

ಮೇಲಿಂದ ವಾರ್ನಿಷ್ ಹೊಡೆದು ಕಾಪಾಡುವ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಬಿಸಿಲಿಗೆ ವಾರ್ನಿಷ್ ಹಳದಿಯಾಗುತ್ತದೆ, ಬಿಳಿ ಅಕ್ಷರ ಹಲ್ಲಿನ ಕರೆಯ ಹಾಗೆ ಕಾಣುತ್ತದೆ.

ಬೋಟು ಸೆಕೆಂಡ್‌ಹ್ಯಾಂಡ್ ತಗೊಂಡೆ. ಹೊಸ ಹೆಸರು ಬರೆಸಿದ್ರೂ ಹಳೇದು ಒಳಗಿಂದ ಕಾಣ್ತದೆ!

ಕಾಣುವುದು ಬಣ್ಣ ಅಲ್ಲ, ದಿಣ್ಣೆ. ವರ್ಷ ವರ್ಷ ಅದೇ ಗೆರೆಯ ಮೇಲೆ ಬಳಿದ ಪೇಂಟು ಪದರಪದರವಾಗಿ ಎದ್ದಿರುತ್ತದೆ. ಮೇಲಿಂದ ಎಷ್ಟು ಕೋಟು ಹೊಡೆದರೂ ಬೆಳಗಿನ ಓರೆ ಬಿಸಿಲಿಗೆ ಹಳೆಯ ಹೆಸರು ಎದ್ದು ಬರುತ್ತದೆ. ಕೆರೆದು ಮೈಯ ಮಟ್ಟಕ್ಕೆ ತರಬೇಕು, ಬೇರೆ ದಾರಿ ಇಲ್ಲ. ಕೈ ಸವರಿದಾಗ ಏನೂ ತಡೆಯಬಾರದು. ಕಣ್ಣಿಗಿಂತ ಬೆರಳನ್ನು ನಂಬಿ.

ಹೆಸರು ಬದಲಿಸುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಆರ್‌ಸಿ, ಲೈಸೆನ್ಸ್, ಆಮೇಲೆ ಇನ್ಶೂರೆನ್ಸ್ ಎಲ್ಲದರಲ್ಲೂ ಬದಲಾಯಿಸಿ. ಬೋಟಿನ ಮೇಲೆ ಒಂದು, ಕಾಗದದಲ್ಲಿ ಇನ್ನೊಂದು ಇದ್ದರೆ ಸಮುದ್ರದಲ್ಲಿ ತಪಾಸಣೆ ಆದಾಗ ಉತ್ತರ ಕೊಡುವವರು ತಾಂಡೇಲರು, ಪೇಂಟರ್ ಅಲ್ಲ.

ತುಳು ಲಿಪಿಯಲ್ಲಿ ಬರೆದು ಕೊಡ್ತೀರಾ?

ಕೊಡುತ್ತೇನೆ, ಈಗೀಗ ಕೇಳುವವರು ಜಾಸ್ತಿ. 2024ರಲ್ಲಿ ತುಳು-ತಿಗಳಾರಿ ಲಿಪಿ ಯುನಿಕೋಡಿಗೂ ಸೇರಿತು. ಆದರೆ ಓದಲು ಬರುವವರು ಇನ್ನೂ ಕಡಿಮೆ. ಕ್ಯಾಬಿನ್ನಿನ ಹಣೆಗೆ ತುಳು, ಮೂತಿಗೆ ಕನ್ನಡ ಇರಲಿ. ಕಲಿತವರೊಬ್ಬರಿಗೆ ಕರಡು ತೋರಿಸಿದ ಮೇಲೆಯೇ ನಾನು ಬ್ರಷ್ ಅದ್ದುವುದು.

ಸೀಸನ್ ಮಧ್ಯೆ ಒಂದು ಅಕ್ಷರ ಅರ್ಧ ಹೋಯ್ತು. ಇಡೀ ಹೆಸರು ಮತ್ತೆ ಬರೆಸ್ಬೇಕಾ?

ಬೇಡ. ಮೀನು ಇಳಿಸಿ ಮರುದಿನ ಹೊರಡುವ ಮೊದಲು ಅರ್ಧ ದಿನ ಸಿಕ್ಕರೆ ಸಾಕು. ಆ ಅಕ್ಷರದ ಸುತ್ತ ಮಾತ್ರ ಸಿಹಿನೀರಿನಲ್ಲಿ ತೊಳೆದು ಒರೆಸಿ, ಎದ್ದ ಚಕ್ಕೆಯ ಅಂಚನ್ನು ನಯ ಮಾಡಿ, ಬರಿ ಮರ ಕಂಡಲ್ಲಿ ಪ್ರೈಮರ್ ಮುಟ್ಟಿಸಿ. ಉಳಿದ ಅಕ್ಷರಗಳು ಬಿಸಿಲಿಗೆ ಸ್ವಲ್ಪ ಮಾಸಿರುತ್ತವೆ, ಹೊಸ ಬಿಳಿ ಅಲ್ಲಿ ಕಣ್ಣಿಗೆ ಹೊಡೆಯುತ್ತದೆ. ಬಟ್ಟಲಿನ ಬಿಳಿಗೆ ಬ್ರಷ್ಷಿನ ತುದಿಯಷ್ಟು ಕಪ್ಪು, ಅಷ್ಟೇ ಹಳದಿ ಸೇರಿಸಿ, ಪಕ್ಕದ ಅಕ್ಷರದ ಮೇಲೆ ಒಂದು ಚುಕ್ಕೆ ಇಟ್ಟು ನೋಡಿ. ಚುಕ್ಕೆ ಎಲ್ಲಿ ಇಟ್ಟೆ ಅಂತ ಹುಡುಕಬೇಕಾಗಿ ಬಂದರೆ ಬಣ್ಣ ಕೂಡಿತು ಅಂತ ಲೆಕ್ಕ.